ಹಳೇ ಸ್ಟಿಲ್ 070 ಮರ ಕೊಯ್ಯೋ ಮಿಷನ್ ಮತ್ತೆ ಓಡಿಸ್ಬೇಕು, ಎಲ್ಲಿಂದ ಶುರು ಮಾಡ್ಲಿ, ಪಾರ್ಟ್ಸ್ ಎಲ್ಲಿ ಸಿಗುತ್ತೆ?

ಸಕಲೇಶಪುರ_ಸಿಲ್ವರ್:

ಎಲ್ರಿಗೂ ನಮಸ್ಕಾರ. ನಮ್ಮ ತೋಟದ ಗೋಡೌನಲ್ಲಿ ಅಪ್ಪನ ಕಾಲದ ಸ್ಟಿಲ್ 070 ಒಂದಿದೆ. ಟಿಂಬರ್ ಕಂಟ್ರಾಕ್ಟರ್ ಒಬ್ರಿಂದ ಸೆಕೆಂಡ್ ಹ್ಯಾಂಡ್ ತಗೊಂಡಿದ್ದು. ಮಳೆಗಾಲದಲ್ಲಿ ಗಾಳಿಗೆ ಮರ ಬಿದ್ದು ರೋಡ್ ಬಂದ್ ಆದ್ರೆ ಸುತ್ತಮುತ್ತ ತೋಟದವ್ರೆಲ್ಲ ಇದನ್ನೇ ಕೇಳ್ಕೊಂಡು ಬರೋರು, ಜೀಪಿನ ಹಿಂದೆ ಹಾಕ್ಕೊಂಡು ಹೋಗಿ ಕೊಯ್ದು ರೋಡ್ ಬಿಡಿಸಿ ಬರ್ತಿದ್ರು. ಆಮೇಲೆ ಕೈಗೆ ಹಗುರ ಆಗೋ ಹೊಸ ಮಿಷನ್ ಬಂತು, ಇದನ್ನ ಗೋಣಿಚೀಲ ಸುತ್ತಿ ಮೂಲೇಲಿ ಇಟ್ಟಿದ್ದು ಹಾಗೇ ಇದೆ. ಗುಜರಿಯವ್ರು ತೂಕದ ಲೆಕ್ಕದಲ್ಲಿ ಕೇಳ್ತಿದಾರೆ, ನಂಗೆ ಕೊಡೋಕೆ ಮನಸ್ಸಿಲ್ಲ. ಇದು ಮತ್ತೆ ಸ್ಟಾರ್ಟ್ ಆಗೋದನ್ನ ನೋಡ್ಲೇಬೇಕು ಅಂತ ಆಸೆ.

ಈಗಿನ ಸ್ಥಿತಿ ಹೇಳ್ತೀನಿ. ಸ್ಟಾರ್ಟರ್ ಹಗ್ಗ ಪೂರ್ತಿ ಹೋಗಿದೆ. ಫ್ಲೈವೀಲ್ ಕೈಯಲ್ಲಿ ತಿರುಗಿಸಿದ್ರೆ ತಿರುಗುತ್ತೆ, ಮೇಲೆ ಬರೋವಾಗ ಗಟ್ಟಿಯಾಗಿ ತಡೀತದೆ, ಅಂದ್ರೆ ಕಂಪ್ರೆಷನ್ ಇದೆ ಅನ್ಸುತ್ತೆ. ಪ್ಲಗ್ ಬಿಚ್ಚಿ ಬಾಡಿಗೆ ತಾಗಿಸಿ ತಿರುಗಿಸಿದ್ರೆ ಕರೆಂಟ್ ಬರ್ತಿಲ್ಲ. ಪೆಟ್ರೋಲ್ ಪೈಪು ಮುಟ್ಟಿದ್ರೆ ಪುಡಿ ಆಗುತ್ತೆ, ಕಾರ್ಬೊರೇಟರ್ ಒಳಗೆ ಹಳೇ ಪೆಟ್ರೋಲ್ ಬೆಲ್ಲದ ಪಾಕದ ಥರ ಅಂಟ್ಕೊಂಡಿದೆ. ಬಾಡಿ ಮೇಲೆ ಅಲ್ಲಲ್ಲಿ ಬಣ್ಣ ಎದ್ದು ಬಿಳಿ ಪುಡಿ ಬಂದಿದೆ, ಎರಡು ಬೋಲ್ಟ್ ಜಾಗದಲ್ಲಿ ತ್ರೆಡ್ಡೇ ಇಲ್ಲ. ಚೈನ್ ಸುತ್ತ ಓಡೋ ಪಟ್ಟಿ, ಅಂದ್ರೆ ಬಾರು, ಮೂರಡಿದು, ಚೈನ್ ತುಕ್ಕು.

ಟೌನಲ್ಲಿ ಒಂದು ಅಂಗಡಿಗೆ ತಗೊಂಡು ಹೋಗಿದ್ದೆ, ನೋಡೋಕೂ ಇಲ್ಲ, ಇದಕ್ಕೆ ಸಾಮಾನು ಬರಲ್ಲ ಹೊಸದು ತಗೊಳ್ಳಿ ಅಂದ್ರು. ಆನ್‌ಲೈನಲ್ಲಿ ನೋಡಿದ್ರೆ ಇದೇ ಆಕಾರದ ಕಾಪಿ ಮಿಷನ್ ಇಡೀದೇ ಕಡಿಮೆ ರೇಟಿಗೆ ಸಿಗ್ತಿದೆ. ಅದನ್ನೇ ತಗೊಂಡು ಬಿಚ್ಚಿ ಇದಕ್ಕೆ ಹಾಕ್ಬಹುದಾ? ಅಥವಾ ಒರಿಜಿನಲ್ ಸಿಗೋ ದಾರಿ ಇದೆಯಾ? ಗೊತ್ತಿರೋರು ದಯವಿಟ್ಟು ಹೇಳಿ.

ಪಾಯಿಂಟ್_ಸೆಟ್ಟಿಂಗ್_ಮೈಸೂರು:

ಸಾರ್, ಸದ್ಯಕ್ಕೆ ಒಂದು ರೂಪಾಯಿ ಸಾಮಾನೂ ಆರ್ಡರ್ ಮಾಡ್ಬೇಡಿ. ಕಂಪ್ರೆಷನ್ ಇದೆ ಅಂತೀರಿ, ಅದೇ ದೊಡ್ಡ ವಿಷಯ, ಮಿಕ್ಕಿದ್ದೆಲ್ಲ ರಬ್ಬರು ಮತ್ತು ಕೊಳೆ. ನಾನು ಯೆಜ್ಡಿ ಬೈಕ್ ಕೆಲಸ ಮಾಡೋನು. ನಮ್ಮೂರಲ್ಲಿ ಆ ಬೈಕ್ ಮಾಡ್ತಿದ್ದ ಐಡಿಯಲ್ ಜಾವಾ ಫ್ಯಾಕ್ಟರಿ 1961ರಿಂದ 1996ರವರೆಗೆ ಇತ್ತಲ್ಲ, ಹಾಗಾಗಿ ಟೂ ಸ್ಟ್ರೋಕ್ ಅಂದ್ರೆ ಇಲ್ಲಿ ಗಲ್ಲಿಗೊಬ್ರು ಗೊತ್ತಿರೋರು ಇನ್ನೂ ಇದಾರೆ. ನಿಮ್ಮ 070 ಕೂಡ ಹಳೇದಾದ್ರೆ ಪಾಯಿಂಟು (ತೆರೆದು ಮುಚ್ಚೋ ಸಣ್ಣ ಸ್ವಿಚ್) ಕಂಡೆನ್ಸರ್ ಇರೋ ಮ್ಯಾಗ್ನೆಟೋನೇ, ಅಂದ್ರೆ ಫ್ಲೈವೀಲ್ ತಿರುಗಿದಾಗ ಪ್ಲಗ್‌ಗೆ ಕರೆಂಟ್ ಹುಟ್ಟಿಸೋದು, ಆಮೇಲಿನವಕ್ಕೆ ಎಲೆಕ್ಟ್ರಾನಿಕ್ ಬಂತು. ಫ್ಲೈವೀಲ್ ತೆಗೆದಾಗ ಗೊತ್ತಾಗುತ್ತೆ.

ಆದ್ರೆ ಫ್ಲೈವೀಲ್‌ಗೆ ಕೈ ಹಾಕೋ ಮೊದಲು ಸ್ವಿಚ್ಚಿಂದ ಬರೋ ಸಣ್ಣ ವೈರ್ ಕಳಚಿ ಒಂದ್ಸಲ ಪ್ಲಗ್ ನೋಡಿ. ಆಫ್ ಸ್ವಿಚ್ ಮಾಡೋದು ಇಷ್ಟೇ, ಕಾಯಿಲ್ ಕರೆಂಟನ್ನ ಬಾಡಿಗೆ ಇಳಿಸೋದು. ಆ ವೈರಿನ ಮೇಲಿನ ರಬ್ಬರ್ ಉದುರಿ ಎಲ್ಲೋ ಬಾಡಿಗೆ ತಾಗಿದ್ರೆ ಯಾವಾಗ್ಲೂ ಆಫಲ್ಲೇ ಇದ್ದಂಗೆ ಲೆಕ್ಕ. ಮಲೆನಾಡು ಕಡೆಯಿಂದ ಬರೋ ಗಾಡಿಗಳಲ್ಲಿ ಇಲಿ ಕಡಿದಿರೋ ವೈರು ನಾನು ತುಂಬಾ ನೋಡಿದೀನಿ.

ಅದಾದ್ರೂ ಕರೆಂಟ್ ಇಲ್ಲ ಅಂದ್ರೆ ಫ್ಲೈವೀಲ್ ಬಿಚ್ಬೇಕು. ನಟ್ ಬಿಚ್ಚೋಕೆ ಪಿಸ್ಟನ್ ಅಲ್ಲಾಡದ ಹಾಗೆ ಹಿಡೀಬೇಕಲ್ಲ, ಪ್ಲಗ್ ತೂತಿಂದ ಸ್ಕ್ರೂಡ್ರೈವರ್ ತುರುಕ್ಬೇಡಿ ಸಾರ್, ಪಿಸ್ಟನ್ ತಲೆ ಗೀಚುತ್ತೆ. ಪಿಸ್ಟನ್ ಸೈಲೆನ್ಸರ್ ಕಿಟಕಿ (ಸಿಲಿಂಡರಿಂದ ಹೊಗೆ ಹೊರಗೆ ಹೋಗೋ ತೂತು) ದಾಟಿ ಮೇಲೆ ಬಂದ ಮೇಲೆ ಶುದ್ಧವಾದ ಮೆತ್ತನೆ ಹಗ್ಗ ಒಳಗೆ ಬಿಡಿ, ಅದು ಒತ್ಕೊಂಡು ಗಟ್ಟಿ ನಿಲ್ಲುತ್ತೆ. ಕಿಟಕಿ ದಾಟೋ ಮೊದಲು ಬಿಟ್ರೆ ಹಗ್ಗ ಕಿಟಕಿಯಲ್ಲಿ ಸಿಕ್ಕಿ ಕತ್ತರಿಸಿ ಹೋಗುತ್ತೆ. ಫ್ಲೈವೀಲ್ ಪುಲ್ಲರ್ ಹಾಕಿ ತೆಗೀರಿ, ಅಂಚಿಗೆ ಸುತ್ತಿಗೆ ಹೊಡೆದ್ರೆ ರೆಕ್ಕೆ ಮುರಿಯುತ್ತೆ, ಹೊಸ ಫ್ಲೈವೀಲ್ ಹುಡುಕೋದು ಬಹಳ ಕಷ್ಟದ ಕೆಲಸ. ಕ್ಲಚ್ ಕಡೆ ಬಿಚ್ಚೋವಾಗ ತ್ರೆಡ್ ಉಲ್ಟಾ ಇರೋದೇ ಜಾಸ್ತಿ, ನೋಡ್ಕೊಂಡು ಕೈ ಹಾಕಿ. ಫ್ಲೈವೀಲ್ ಕೀ ಕೂಡ ಒಂದ್ಸಲ ನೋಡಿ, ಅರ್ಧ ಕಟ್ ಆಗಿದ್ರೆ ಟೈಮಿಂಗ್ ಆಚೀಚೆ ಆಗಿರುತ್ತೆ.

ಪಾಯಿಂಟು ಬಹಳ ವರ್ಷ ಕೂತ್ರೆ ಮುಖದ ಮೇಲೆ ಒಂದು ಪದರ ಕಟ್ಟುತ್ತೆ, ನೋಡೋಕೆ ಚೆನ್ನಾಗೇ ಇದ್ರೂ ಕರೆಂಟ್ ದಾಟಲ್ಲ. ಸಣ್ಣ ಅರ ಅಥವಾ ನೈಸ್ ಎಮರಿಯಲ್ಲಿ ಉಜ್ಜಿ, ಆಮೇಲೆ ಬಿಳಿ ಕಾಗದದ ಚೂರನ್ನ ಥಿನ್ನರಲ್ಲಿ ಅದ್ದಿ ಮಧ್ಯೆ ಇಟ್ಟು ಎಳೀರಿ, ಕಾಗದ ಕಪ್ಪಾಗೋದು ನಿಲ್ಲೋವರೆಗೆ. ಎಮರಿ ಪುಡಿ ಅಲ್ಲೇ ಉಳಿದ್ರೆ ಉಜ್ಜಿದ್ದೂ ವೇಸ್ಟ್. ಗ್ಯಾಪ್ 0.35ರಿಂದ 0.4 ಮಿಲಿಮೀಟರ್, ಪ್ಲಗ್ ಗ್ಯಾಪ್ 0.5. ಪಾಯಿಂಟು ಬಿಡೋ ಹೊತ್ತಿಗೆ ಅಲ್ಲೇ ಜಾಸ್ತಿ ಕಿಡಿ ಹಾರ್ತಿದ್ರೆ ಕಂಡೆನ್ಸರ್ ಹೋಗಿದೆ ಅಂತ. ಒರಿಜಿನಲ್ಲೇ ಬೇಕು ಅಂತ ಹಠ ಬೇಡ, ಈ ಥರದ ಮ್ಯಾಗ್ನೆಟೋಗೆ 0.2 ಮೈಕ್ರೋಫ್ಯಾರಡ್ ಆಸುಪಾಸು ಸಾಕು, ಹಳೇ ಸ್ಕೂಟರ್, ಲೂನಾ ಕಂಡೆನ್ಸರ್ ಇವತ್ತಿಗೂ ಸಿಗುತ್ತೆ, ಒಳಗೆ ಜಾಗ ಸಾಲದಿದ್ರೆ ವೈರ್ ಎಳೆದು ಹೊರಗಡೆ ಕಟ್ಟಿದ್ರೂ ಕೆಲಸ ಮಾಡುತ್ತೆ.

ಇನ್ನೊಂದು ಮಾತು, ತಿರುಗಿಸೋ ಮೊದಲು ಪ್ಲಗ್ ತೂತಲ್ಲಿ ಸ್ವಲ್ಪ ಟೂಟಿ ಆಯಿಲ್, ಅಂದ್ರೆ ಟೂ ಸ್ಟ್ರೋಕ್ ಆಯಿಲ್, ಬಿಟ್ಟು ಒಂದು ರಾತ್ರಿ ಇಡಿ. ಒಣಗಿದ ಸಿಲಿಂಡರಲ್ಲಿ ರಿಂಗ್ ಎಳೆದಾಡಿದ್ರೆ ಇರೋ ಕಂಪ್ರೆಷನ್ನೂ ಹೋಗುತ್ತೆ.

ಪೋರ್ಟ್‌ಲ್ಯಾಂಡ್_ಕನ್ನಡಿಗ:

ಸರ್ ನಾನಿರೋದು ಅಮೆರಿಕದ ಒರೆಗಾನ್ ರಾಜ್ಯದಲ್ಲಿ, ಊರು ತೀರ್ಥಹಳ್ಳಿ ಕಡೆ. ಇಲ್ಲಿ ಹಳೇ ಚೈನ್ ಸಾ ಕೂಡಿಡೋರು ಬಹಳ ಜನ, ನಂಗೂ ಆ ಹುಚ್ಚು ಹಿಡಿದಿದೆ, ನಿಮ್ಮ ಪೋಸ್ಟ್ ನೋಡಿ ತುಂಬಾ ಖುಷಿಯಾಯ್ತು.

ನಿಮ್ಮ ಕೈಯಲ್ಲಿರೋದು ಏನು ಅಂತ ಸ್ವಲ್ಪ ಹೇಳ್ತೀನಿ, ಯಾಕಂದ್ರೆ ಪಾರ್ಟ್ಸ್ ಹುಡುಕೋಕೆ ಅದೇ ದಾರಿ. 1959ರಲ್ಲಿ ಸ್ಟಿಲ್‌ನವ್ರು ಕಾಂಟ್ರಾ ಅಂತ ಒಂದು ಮಿಷನ್ ಬಿಟ್ರು, ಗೇರ್ ಇಲ್ದೆ ನೇರ ಕ್ಲಚ್ಚಿಂದಲೇ ಚೈನ್ ತಿರುಗೋದು, ಆ ಕಾಲಕ್ಕೆ ಅದು ಕಾಡು ಕೆಲಸವನ್ನೇ ಬದಲಾಯಿಸಿಬಿಡ್ತು. 070 ಅದೇ ವಂಶದ್ದು. ಬೋರ್ 58, ಸ್ಟ್ರೋಕ್ 40 ಮಿಲಿಮೀಟರ್, 106 ಸಿಸಿ. ಇದರ ಅಣ್ಣ 090, ಅದೇ ಸ್ಟ್ರೋಕ್, ಬೋರ್ ಮಾತ್ರ 66, ಅಂದ್ರೆ 137 ಸಿಸಿ. ಎರಡರ ಪಾರ್ಟ್ ನಂಬರೂ 1106 ಅಂತಲೇ ಶುರುವಾಗುತ್ತೆ. ಸಿಲಿಂಡರು ಪಿಸ್ಟನ್ ಬೇರೆ ಬೇರೆ, ಉಳಿದದ್ದರಲ್ಲಿ ಎಷ್ಟೋ ಒಂದಕ್ಕೊಂದು ಕೂರುತ್ತೆ. ಹಾಗಾಗಿ ಅಂಗಡಿಯಲ್ಲಿ 070ಗೆ ಸಾಮಾನು ಇದೆಯಾ ಅಂತ ಕೇಳಿದ್ರೆ ಇಲ್ಲ ಅಂತಾರೆ, 1106ರಿಂದ ಶುರುವಾಗೋ ಪೂರ್ತಿ ನಂಬರ್ ಬರ್ಕೊಂಡು ಹೋಗಿ ಕೇಳಿದ್ರೆ ಕಂಪ್ಯೂಟರಲ್ಲಿ ಹಾಕಿ ನೋಡ್ತಾರೆ. ಹಳೇ ಪಾರ್ಟ್ಸ್ ಬುಕ್‌ಗಳು, ಬಿಡಿಬಿಡಿಯಾಗಿ ಚಿತ್ರ ಹಾಕಿರೋವು, ಇಂಟರ್ನೆಟ್ಟಲ್ಲಿ ಸ್ಕ್ಯಾನ್ ಮಾಡಿ ಇಟ್ಟಿರ್ತಾರೆ, ಮೊದಲು ಅದನ್ನ ಇಳಿಸ್ಕೊಳ್ಳಿ.

ಕಾರ್ಬೊರೇಟರ್‌ಗೆ ಇನ್ನೂ ಬೇರೆ ನಿಯಮ. ಅದನ್ನ ಸ್ಟಿಲ್ ಮಾಡಲ್ಲ, 070ರಲ್ಲಿ ಇರೋದು ಟಿಲ್ಲಟ್ಸನ್. ಕಾರ್ಬೊರೇಟರ್ ಬಾಡಿ ಮೇಲೆ ಅಕ್ಷರ, ನಂಬರ್ ಹೊಡೆದಿರ್ತಾರೆ, ಬ್ರಷ್ ಹಾಕಿ ಉಜ್ಜಿದ್ರೆ ಕಾಣುತ್ತೆ, ಡಯಾಫ್ರಾಮ್ (ಪೆಟ್ರೋಲ್ ಪಂಪ್ ಮಾಡೋ ತೆಳು ಪೊರೆ) ಕಿಟ್ ಆ ನಂಬರ್ ಹಿಡ್ಕೊಂಡೇ ಹುಡುಕ್ಬೇಕು. ಮಿಷನ್ ಹೆಸರು ನೋಡಿ ಕಿಟ್ ತರಿಸಿದ್ರೆ ಗ್ಯಾಸ್ಕೆಟ್ ತೂತು ಕೂರಲ್ಲ, ಯಾಕಂದ್ರೆ ಒಂದೇ ಮಾಡೆಲ್‌ಗೆ ಬೇರೆ ಬೇರೆ ವರ್ಷ ಬೇರೆ ಬೇರೆ ಕಾರ್ಬೊರೇಟರ್ ಹಾಕಿರೋದುಂಟು. ಹಳೇ ಡಯಾಫ್ರಾಮ್ ಗಟ್ಟಿಯಾಗಿ ಕಾಗದದ ಥರ ಸದ್ದು ಮಾಡಿದ್ರೆ ಅದರ ಕಥೆ ಮುಗೀತು, ಅದು ಮೆತ್ತಗಿದ್ರೆ ಮಾತ್ರ ಪಂಪ್ ಆಗೋದು.

ಕಾಪಿ ಮಿಷನ್ ಬಗ್ಗೆ ಕೇಳಿದ್ರಿ. ನನ್ನ ಅಭಿಪ್ರಾಯ, ಹೊರಗಿನ ಸಾಮಾನಿಗೆ ಕಾಪಿ ಧಾರಾಳ ಹಾಕಿ, ಒಳಗೆ ಬೇಡ. ಸ್ಟಾರ್ಟರ್ ಕವರ್, ರಾಟೆ, ಹ್ಯಾಂಡಲ್, ಫಿಲ್ಟರ್ ಮುಚ್ಚಳ, ಟ್ಯಾಂಕ್ ಕ್ಯಾಪ್ ಇವೆಲ್ಲ ನಡೆಯುತ್ತೆ, ಹೆಚ್ಚೆಂದ್ರೆ ಸ್ವಲ್ಪ ಅರ ಹಾಕಿ ಕೂರಿಸ್ಬೇಕಾಗುತ್ತೆ. ಪಿಸ್ಟನ್, ರಿಂಗ್, ಬೇರಿಂಗ್, ಆಯಿಲ್ ಸೀಲ್ ಮಾತ್ರ ಒಳ್ಳೇದೇ ಇರ್ಲಿ. ಒರಿಜಿನಲ್ ಸಿಗದಿದ್ರೆ ಇಟಲಿಯ ಮೀಟಿಯೋರ್ ಪಿಸ್ಟನ್, ಕೇಬರ್ ರಿಂಗ್ ಇಲ್ಲಿ ಎಲ್ರೂ ನಂಬಿ ಹಾಕ್ತಾರೆ. ರಿಂಗ್ ತರಿಸೋಕೆ 58 ಮಿಲಿಮೀಟರ್ ಅಂದ್ರೆ ಸಾಲದು, ದಪ್ಪ ಅಳೆದು ಹೇಳ್ಬೇಕು.

ಸಿಲಿಂಡರ್ ಒಳಗೆ ಅಲ್ಯೂಮಿನಿಯಂ ಗೀರು ಅಂಟಿದ್ರೆ ಟಾಯ್ಲೆಟ್ ಆಸಿಡ್ ಹಾಕಿ ತೆಗೀರಿ ಅಂತ ವಿಡಿಯೋಗಳಲ್ಲಿ ತೋರಿಸ್ತಾರೆ, ಅದನ್ನ ನಿಮ್ಮದಕ್ಕೆ ಮಾಡ್ಬೇಡಿ. ಹೊಸ ಮಿಷನ್‌ಗಳ ಒಳಪದರ ಬೇರೆ, ಆ ಕಾಲದ ಸಿಲಿಂಡರ್‌ಗೆ ಕ್ರೋಮ್ ಲೇಪನ, ಆ ಆಸಿಡ್ ಕ್ರೋಮನ್ನೇ ತಿನ್ನುತ್ತೆ. ನೈಸ್ ಎಮರಿಯಲ್ಲಿ ಕೈಯಲ್ಲೇ ನಿಧಾನಕ್ಕೆ ತೆಗೀರಿ. ಕ್ರೋಮ್ ಎದ್ದು ಹೋಗಿದ್ರೆ ಅದನ್ನ ಬೈಕ್ ಥರ ಬೋರ್ ಮಾಡ್ಸೋಕಾಗಲ್ಲ, ಬೇರೆ ಸಿಲಿಂಡರೇ ಬೇಕು.

ವಿಷಯಕ್ಕೆ ಸಂಬಂಧ ಸ್ವಲ್ಪ ಕಮ್ಮಿ ಆದ್ರೂ ಹೇಳ್ತೀನಿ. ನಾವು ಇವತ್ತು ಹಾಕೋ ಚೈನ್ ಹುಟ್ಟಿದ್ದು ಇದೇ ಊರಲ್ಲಿ. ಮೊದಲಿನ ಚೈನ್ ಹಲ್ಲು ಮರವನ್ನ ಗೀಚ್ತಿತ್ತು, ದಿನಾ ಅರ ಹಾಕಿ ಹಾಕಿ ಸಾಕಾಗೋದು. ಜೋ ಕಾಕ್ಸ್ ಅನ್ನೋ ಮರ ಕಡಿಯೋ ಕೆಲಸಗಾರ 1946ರಲ್ಲಿ ದಿಮ್ಮಿ ಕೊರೆಯೋ ಹುಳ ಎಡಕ್ಕೂ ಬಲಕ್ಕೂ ಬಾಯಿ ಆಡಿಸ್ತಾ ಮರದ ಒಳಗೆ ದಾರಿ ಮಾಡೋದನ್ನ ನೋಡಿ ಅದೇ ಥರದ ಹಲ್ಲು ಮಾಡಿ, 1947ರಲ್ಲಿ ಪೋರ್ಟ್‌ಲ್ಯಾಂಡಲ್ಲಿ ಕಂಪನಿ ಶುರು ಮಾಡಿದ. ಎಡ ಒಂದು ಬಲ ಒಂದು ಹಲ್ಲು ಬರೋದು ಅಲ್ಲಿಂದಲೇ. ನಮ್ಮ ತೋಟಗಳಲ್ಲಿ ಕಾಂಡಕೊರಕ ಅಂದ್ರೆ ಕಾಫಿ ಗಿಡ ಕಿತ್ತು ಸುಡೋ ಮಾತೇ, ಇಲ್ಲಿ ಅಂಥದ್ದೇ ಒಂದು ಹುಳದಿಂದ ಇಡೀ ಇಂಡಸ್ಟ್ರಿ ಬೆಳೆದಿದೆ.

ನಿಮಗೆ ಯಾವ ಪಾರ್ಟ್ ಬೇಕು ಅಂತ ನಂಬರ್ ಸಮೇತ ಹಾಕಿ, ನಾನೂ ಇಲ್ಲಿ ಹುಡುಕ್ತೀನಿ.

ಲೇತ್_ಹುಬ್ಬಳ್ಳಿ:

ನಮಸ್ಕಾರ್ರಿ ಅಣ್ಣಾರ. ನಮ್ಮದು ಹುಬ್ಬಳ್ಳ್ಯಾಗ ಸಣ್ಣ ಲೇತ್ ವರ್ಕ್‌ಶಾಪ್ ಐತ್ರಿ, ದಾಂಡೇಲಿ ಹಳಿಯಾಳ ಕಡೆಯಿಂದ ಕಟಗಿ ಕೊಯ್ಯೋ ಮಷೀನ್ ಬರ್ತಾವ. ಆ ಬಿಳಿ ಪುಡಿ ಬಗ್ಗೆ ಯಾರೂ ಹೇಳಲಿಲ್ಲ, ನಾ ಹೇಳ್ತೀನಿ ನೋಡ್ರಿ.

ಆ ಬಾಡಿ ಅಲ್ಯೂಮಿನಿಯಂ ಅಲ್ರಿ, ಮೆಗ್ನೀಷಿಯಂ. ತೂಕ ಕಡಿಮಿ ಆಗ್ಲಿ ಅಂತ ಹಂಗ ಮಾಡ್ಯಾರ. ನೀರು ಕುಂತಲ್ಲಿ, ಅದರಾಗೂ ಕಬ್ಬಿಣದ ಬೋಲ್ಟ್ ಇರೋ ಕಡೆ, ಮೆಗ್ನೀಷಿಯಂ ತಾನ ಕರಗತೈತಿ, ಅದಕ್ಕ ನಿಮ್ಮ ತ್ರೆಡ್ ಹೋಗ್ಯಾವ. ಅದನ್ನ ಗ್ರೈಂಡರ್ ಹಚ್ಚಿ ಉಜ್ಜಬ್ಯಾಡ್ರಿ. ಮೆಗ್ನೀಷಿಯಂ ಪುಡಿಗೆ ಕಿಡಿ ತಾಗಿದ್ರ ಬೆಂಕಿ ಹತ್ತತೈತಿ, ಹತ್ತಿದ ಮ್ಯಾಲೆ ನೀರು ಹಾಕಿದ್ರ ಇನ್ನೂ ಜೋರ ಆಗತೈತಿ. ವೈರ್ ಬ್ರಷ್ ಕೈಲೆ ತಿಕ್ಕ್ರಿ, ಪುಡಿ ಒದ್ದಿ ಅರಿವಿಲೆ ಒರೆಸಿ ತಗೀರಿ, ಒಣಗಿಸ್ರಿ, ಲಗೂನ ಪ್ರೈಮರ್ ಹೊಡೀರಿ. ಬರೇ ಬಿಟ್ರ ಒಂದು ಮಳಿಗಾಲದಾಗ ಮತ್ತ ಅದ ಗತಿ.

ತ್ರೆಡ್‌ಗೆ ವೆಲ್ಡಿಂಗ್ ಮಾಡ್ಸಾಕ ಹೋಗಬ್ಯಾಡ್ರಿ. ಸ್ಟೀಲಿನ ಸ್ಪ್ರಿಂಗ್ ಇನ್ಸರ್ಟ್ ಬರ್ತಾವ, ಹೆಲಿಕಾಯಿಲ್ ಅಂತಾರ, ಹಳೇ ತೂತು ಸ್ವಲ್ಪ ದೊಡ್ಡದು ಮಾಡಿ, ಟ್ಯಾಪ್ ಹೊಡೆದು, ಇನ್ಸರ್ಟ್ ತಿರುವಿ ಕೂಡಿಸಿದ್ರ ಮೊದಲಿನ ಬೋಲ್ಟ ಹತ್ತತೈತಿ, ಹಳೇ ತ್ರೆಡ್‌ಗಿಂತ ಗಟ್ಟಿ. ಡ್ರಿಲ್ ನೆಟ್ಟಗ ಇಳೀಬೇಕು ಅಷ್ಟ, ಕೈಯಾಗ ಹಿಡಿದು ಹೊಡೀಬ್ಯಾಡ್ರಿ, ಸ್ಟ್ಯಾಂಡಿಗೆ ಹಾಕಿ ಹೊಡೀರಿ. ಬೋಲ್ಟ್ ಹಾಕಬೇಕಾದ್ರ ಸ್ವಲ್ಪ ಗ್ರೀಸ್ ಹಚ್ಚ್ರಿ, ಕಬ್ಬಿಣಕ್ಕೂ ಮೆಗ್ನೀಷಿಯಂಗೂ ನಡುವ ನೀರು ಹೋಗಂಗಿಲ್ಲ.

ಬೇರಿಂಗ್ ಸೀಲ್ ಚಿಂತಿ ಬ್ಯಾಡ. ಕಂಪನಿ ಡಬ್ಬ್ಯಾಗಿಂದ ಬರಬೇಕಂತ ಏನಿಲ್ಲ. ಬೇರಿಂಗ್ ಅಂಚಿನ ಮ್ಯಾಲೆ ನಂಬರ್ ಕೊರೆದಿರ್ತಾರ, ಸೀಲ್ ಮ್ಯಾಲೆ ಒಳಗಿನ ಅಳತಿ, ಹೊರಗಿನ ಅಳತಿ, ದಪ್ಪ ಮೂರೂ ಇರ್ತಾವ, ಅಳಿಸಿದ್ರ ವರ್ನಿಯರ್ ಹಿಡಿದು ಬರ್ಕೋರಿ. ಹುಬ್ಬಳ್ಳ್ಯಾಗ, ಬೆಂಗಳೂರಿನ ಎಸ್‌ಪಿ ರೋಡ್, ಜೆಸಿ ರೋಡ್‌ನ್ಯಾಗ ಅಳತಿ ಹೇಳಿದ್ರ ಕೊಡ್ತಾರ. ಬೇರಿಂಗ್ ಕೇಳಬೇಕಾದ್ರ ಸಿ3 ಅಂತ ಕೇಳ್ರಿ, ಇಂಜಿನ್ ಬಿಸಿ ಆದಾಗ ಬೇರಿಂಗ್ ಹಿಗ್ಗತೈತಿ, ಒಳಗ ಸಡಿಲ ಬೇಕು. ಕೂಡಿಸಬೇಕಾದ್ರ ಹೊಡೀಬ್ಯಾಡ್ರಿ, ಬಾಡಿ ಬಿಸಿ ಮಾಡಿ, ಬೇರಿಂಗ್ ಫ್ರಿಜ್‌ನ್ಯಾಗ ಇಟ್ಟು ತಣ್ಣಗ ಮಾಡಿದ್ರ ತಾನ ಜಾರಿ ಕುಂದರತೈತಿ. ಬಿಸಿ ಅಂದ್ರ ಓವನ್‌ನ್ಯಾಗ, ಇಲ್ಲಾ ಹಾಟ್ ಏರ್ ಗನ್‌ಲೆ. ಮೆಗ್ನೀಷಿಯಂ ಬಾಡಿ ಮುಂದ ಬೆಂಕಿ ಹಿಡಿದು ನಿಂದರಬ್ಯಾಡ್ರಿ.

ಚೈನ್ ತರೂ ಮುಂದ ಪಿಚ್, ಅಂದ್ರ ಕೊಂಡಿ ಅಂತರ, ಅಳೀರಿ. ಸಾಲಾಗಿ ಮೂರು ರಿವೆಟ್ ಹಿಡೀರಿ, ಮೊದಲನೇದರ ನಡುವಿನಿಂದ ಮೂರನೇದರ ನಡುವಿಗೆ ಎಷ್ಟು ಅಂತ ನೋಡಿ ಅರ್ಧಾ ಮಾಡ್ರಿ. 070ಕ್ಕ ಬರೋದು .404 ಇಂಚ್ ಪಿಚ್, ಹಂಗಂದ್ರ ಆ ಮೂರು ರಿವೆಟ್ ನಡುವ 20.5 ಮಿಲಿಮೀಟರ್ ಆಸುಪಾಸು ಬರಬೇಕು. ಅದಕ್ಕ ಹಚ್ಚೋ ದುಂಡ ಅರ 5.5 ಮಿಲಿಮೀಟರ್. ಈಗಿನ ಸಣ್ಣ ಮಷೀನಿನ ಚೈನ್ ಇದರ ಸ್ಪ್ರಾಕೆಟ್ ಮ್ಯಾಲೆ ಕುಂದರಂಗಿಲ್ರಿ.

ಸಕಲೇಶಪುರ_ಸಿಲ್ವರ್:

ಎಲ್ರಿಗೂ ತುಂಬಾ ತುಂಬಾ ಥ್ಯಾಂಕ್ಸ್, ಇಷ್ಟು ವಿವರ ಸಿಗುತ್ತೆ ಅಂದ್ಕೊಂಡಿರ್ಲಿಲ್ಲ.

ಮೈಸೂರಿನ ಅಣ್ಣ ಹೇಳಿದ ಹಾಗೆ ಸ್ವಿಚ್ ವೈರ್ ಕಳಚಿದೆ, ಆಗ್ಲೂ ಕರೆಂಟ್ ಇಲ್ಲ. ಫ್ಲೈವೀಲ್ ತೆಗೆದ್ರೆ ಪಾಯಿಂಟೇ ಇತ್ತು, ಮುಖ ಕಪ್ಪಾಗಿತ್ತು. ಉಜ್ಜಿ, ಕಾಗದ ಎಳೆದು, 0.4 ಇಟ್ಟು ಮತ್ತೆ ಕೂರಿಸಿದ್ಮೇಲೆ ಒಳ್ಳೇ ನೀಲಿ ಕಿಡಿ ಬರ್ತಿದೆ! ಅಮ್ಮನೂ ಹೊರಗೆ ಬಂದು ನೋಡಿದ್ರು. ಕಾರ್ಬೊರೇಟರ್ ನಂಬರ್ ಸಿಕ್ತು, ಅದರ ಮೇಲೇ ಕಿಟ್ ಹುಡುಕಿ ಆರ್ಡರ್ ಮಾಡಿದೀನಿ. ಸೈಲೆನ್ಸರ್ ಬಿಚ್ಚಿ ಕಿಟಕಿಯಿಂದ ಟಾರ್ಚ್ ಹಾಕಿ ನೋಡಿದೆ, ಪಿಸ್ಟನ್ ಮೇಲೆ ದೊಡ್ಡ ಗೀರಿಲ್ಲ.

ಈಗ ಡೌಟು, ಇಂಜಿನ್ ಪೂರ್ತಿ ಬಿಚ್ಚಿ ಸೀಲು ಬೇರಿಂಗು ಬದಲಾಯಿಸ್ಲೇಬೇಕಾ? ಬೇರಿಂಗಲ್ಲಿ ಸದ್ದಿಲ್ಲ, ಆಟ ಇಲ್ಲ. ಚೆನ್ನಾಗಿರೋದನ್ನ ಬಿಚ್ಚೋಕೆ ಭಯ.

ಪಾಯಿಂಟ್_ಸೆಟ್ಟಿಂಗ್_ಮೈಸೂರು:

ನೀಲಿ ಕಿಡಿ ಬಂತು ಅಂದ್ರೆ ಅರ್ಧ ಗೆದ್ದಂಗೆ ಸಾರ್, ಬಹಳ ಸಂತೋಷ.

ಬಿಚ್ಬೇಕಾ ಬೇಡ್ವಾ ಅನ್ನೋದನ್ನ ಊಹೆ ಮಾಡ್ಬೇಡಿ, ಗಾಳಿ ಹಾಕಿ ನೋಡಿ. ಟೂ ಸ್ಟ್ರೋಕಲ್ಲಿ ಕೆಳಗಿನ ಕ್ರ್ಯಾಂಕ್ ಕೇಸೇ ಪಂಪು, ಸೀಲ್ ಒಣಗಿ ಅಲ್ಲಿಂದ ಹೊರಗಿನ ಗಾಳಿ ಎಳ್ಕೊಂಡ್ರೆ ಪೆಟ್ರೋಲ್ ಕಮ್ಮಿ ಗಾಳಿ ಜಾಸ್ತಿ ಆಗಿ, ಆಯಿಲೂ ಕಮ್ಮಿ ಆಗಿ ಪಿಸ್ಟನ್ ಹಿಡ್ಕೊಳ್ಳುತ್ತೆ. ಸ್ಟಾರ್ಟ್ ಚೆನ್ನಾಗೇ ಆಗುತ್ತೆ, ಫುಲ್ ಲೋಡಲ್ಲಿ ಒಂದು ದಿಮ್ಮಿ ಕೊಯ್ಯೋವಾಗ ಹೋಗುತ್ತೆ. ಹಳೇ ಮಿಷನ್ ಸ್ಟಾರ್ಟ್ ಆಯ್ತು ಅಂತ ಖುಷಿಯಲ್ಲಿ ಕಾಡಿಗೆ ತಗೊಂಡು ಹೋಗಿ ಸಿಲಿಂಡರ್ ಹಾಳು ಮಾಡ್ಕೊಳ್ಳೋರು ಬಹಳ ಜನ ಇದಾರೆ, ನಿಮ್ಮದು ಹಾಗಾಗ್ಬಾರ್ದು.

ಸೈಲೆನ್ಸರ್ ಮತ್ತು ಸಿಲಿಂಡರ್ ಮಧ್ಯೆ ಲಾರಿ ಟ್ಯೂಬಿನ ತುಂಡು ಇಟ್ಟು ಟೈಟ್ ಮಾಡಿ. ಕಾರ್ಬೊರೇಟರ್ ತೆಗೆದ ಜಾಗಕ್ಕೂ ಒಂದು ತುಂಡು ಟ್ಯೂಬು, ಅದರ ಮೇಲೊಂದು ತಗಡು, ಆ ತಗಡಿಗೆ ಸೈಕಲ್ ಟ್ಯೂಬಿನ ವಾಲ್ವ್ ಕೂರಿಸಿ. ಪ್ಲಗ್ ಹಾಕಿರ್ಲಿ. ಗಾಳಿ ಹಾಕೋಕೆ ಡಾಕ್ಟ್ರು ಬಿಪಿ ನೋಡೋ ಹಳೇ ಮುಳ್ಳಿನ ಮೀಟರ್, ಬಲ್ಬ್ ಒತ್ತೋದು, ಅದೇ ಬೆಸ್ಟು. 300ರವರೆಗೆ ಏರಿಸಿ, ಅದು ಸುಮಾರು 0.4 ಬಾರ್ ಒತ್ತಡ ಆಗುತ್ತೆ, ಈ ಕೆಲಸಕ್ಕೆ ಸಾಕು. ಕಾರಿಗೆ ಗಾಳಿ ಹಾಕೋ ಕಂಪ್ರೆಸರ್ ಹಚ್ಬೇಡಿ, ಸೀಲೇ ಹಾರಿ ಹೋಗುತ್ತೆ. ಮುಳ್ಳು ಇಳೀತಿದ್ರೆ ಸೋಪ್ ನೀರು ಹಚ್ಚಿ ನೋಡಿ, ಎಲ್ಲಿ ಗುಳ್ಳೆ ಬರುತ್ತೋ ಅಲ್ಲೇ ಲೀಕು. ಫ್ಲೈವೀಲ್ ಹಿಂದೆ ಒಂದು ಸೀಲು, ಕ್ಲಚ್ ಹಿಂದೆ ಒಂದು, ಸಿಲಿಂಡರ್ ಕೆಳಗಿನ ಪ್ಯಾಕಿಂಗು, ಮುಖ್ಯವಾಗಿ ಈ ಮೂರು ಜಾಗ. ಪಿಸ್ಟನ್ ಕೆಳಗೆ ಇಟ್ಟು ಒಂದ್ಸಲ, ಕ್ರ್ಯಾಂಕ್ ಮೆಲ್ಲಗೆ ತಿರುಗಿಸ್ತಾ ಒಂದ್ಸಲ ನೋಡಿ. ಆಮೇಲೆ ಉಲ್ಟಾ, ಗಾಳಿ ಹೊರಗೆ ಎಳೆದೂ ನೋಡ್ಬೇಕು, ಸೀಲಿನ ತುಟಿ ಒಂದು ಕಡೆಗೆ ತಡೆದು ಇನ್ನೊಂದು ಕಡೆಗೆ ಬಿಡೋದುಂಟು. ಬ್ರೇಕ್ ಬ್ಲೀಡ್ ಮಾಡೋ ಕೈ ಪಂಪು ಇರೋ ಕಾರ್ ಮೆಕ್ಯಾನಿಕ್ ಹತ್ರ ಆಗುತ್ತೆ. ಎರಡರಲ್ಲೂ ನಿಂತ್ರೆ ಇಂಜಿನ್ ಬಿಚ್ಬೇಡಿ, ಹಾಗೇ ಓಡಿಸಿ.

ಪೆಟ್ರೋಲ್ ಬಗ್ಗೆ ಹೇಳ್ಲೇಬೇಕು. 2023ರ ಫೆಬ್ರವರಿಯಲ್ಲಿ ನಮ್ಮ ಬೆಂಗಳೂರಲ್ಲೇ ಇ20 ಬಿಡುಗಡೆ ಆಗಿದ್ದು, ಈಗ ಬಂಕಲ್ಲಿ ಹೋಗಿ ಹಾಕಿಸ್ಕೊಂಡ್ರೆ ಸಿಗೋದು ಅದೇ, ನೂರಕ್ಕೆ 20 ಭಾಗ ಎಥನಾಲು. ಎಥನಾಲ್ ತೇವ ಎಳ್ಕೊಳ್ಳುತ್ತೆ, ನಿಮ್ಮ ಕಡೆ ಮಳೆಗಾಲದ ತೇವ ಕೇಳ್ಬೇಕಾ, ಟ್ಯಾಂಕಲ್ಲಿ ಬಿಟ್ಟು ವಾರಗಟ್ಟಲೆ ಇಟ್ರೆ ನೀರು ಎಥನಾಲ್ ಸೇರಿ ಕೆಳಗೆ ಕೂರುತ್ತೆ. ಆ ಕಾಲದ ರಬ್ಬರು ಇದಕ್ಕೆ ಅಂತ ಮಾಡಿದ್ದಲ್ಲ, ಮೆಗ್ನೀಷಿಯಂಗೂ ಇದು ಆಗಲ್ಲ. ನಿಮ್ಮ ಬಂಕಿನ ಪೆಟ್ರೋಲಲ್ಲಿ ಎಷ್ಟಿದೆ ಅಂತ ನೋಡ್ಬೇಕಾದ್ರೆ ಗೆರೆ ಹಾಕಿರೋ ಗಾಜಿನ ಕೊಳವೆಗೆ 100 ಎಂಎಲ್ ಪೆಟ್ರೋಲು 10 ಎಂಎಲ್ ನೀರು ಹಾಕಿ ಕುಲುಕಿ ಇಡಿ, ಕೆಳಗಿನ ಪದರ 10 ಇದ್ದಿದ್ದು 30ರ ಹತ್ರ ಬಂದ್ರೆ 20 ಭಾಗ ಎಥನಾಲ್ ಅಂತ. ಬಯಲಲ್ಲಿ ಮಾಡಿ, ಬೀಡಿ ಸಿಗರೇಟ್ ಸೇದೋರನ್ನ ದೂರ ಇಡಿ. ನಾನು ಮಾಡೋದು ಇಷ್ಟು, ಹೊಸ ಪೈಪು ಎಥನಾಲ್ ತಡೆಯೋದೇ ಹಾಕ್ತೀನಿ, ಕೆಲಸ ಮುಗಿದ್ಮೇಲೆ ಟ್ಯಾಂಕ್ ಖಾಲಿ ಮಾಡಿ ತಾನಾಗೇ ಆಫ್ ಆಗೋವರೆಗೆ ಓಡಿಸ್ತೀನಿ.

ಪೆಟ್ರೋಲ್‌ಗೆ ಸೇರಿಸೋ ಟೂಟಿ ಆಯಿಲ್ ಲೀಟರಿಗೆ 40 ಎಂಎಲ್, ಅಂದ್ರೆ 1:25, ಆ ಕಾಲದ ಲೆಕ್ಕ ಅದೇ. ಹೊಗೆ ಸ್ವಲ್ಪ ಜಾಸ್ತಿ ಬರುತ್ತೆ, ಬರ್ಲಿ.

ಮೂಡಿಗೆರೆ_ತೋಟ:

ನೀವೆಲ್ಲ ಸ್ಟಾರ್ಟ್ ಮಾಡೋದು ಹೇಗೆ ಅಂತ ಚೆನ್ನಾಗಿ ಹೇಳಿದ್ರಿ, ಸ್ಟಾರ್ಟ್ ಆದ್ಮೇಲೆ ಏನು ಅಂತ ನಾನು ಹೇಳ್ತೀನಿ. ನಮ್ಮ ತೋಟದಲ್ಲೂ ಇಂಥದ್ದೊಂದು ಇತ್ತು, ಈಗ ಕಪಾತು, ಅಂದ್ರೆ ನೆರಳು ಮರದ ಕೊಂಬೆ ಸವರೋ ಕೆಲಸ, ಸಿಲ್ವರ್ ಓಕ್ ಮರ ಕೊಯ್ಯೋದು ಎಲ್ಲ ನಾನೇ ನಿಂತು ಮಾಡಿಸೋದು.

ತಮ್ಮಾ, 070ರಲ್ಲಿ ಚೈನ್ ಬ್ರೇಕ್ ಇಲ್ಲ. ಈಗಿನ ಮಿಷನ್‌ಗಳಲ್ಲಿ ಮುಂದಿನ ಹ್ಯಾಂಡಲ್ ಎದುರು ಒಂದು ಗಾರ್ಡ್ ಇರುತ್ತಲ್ಲ, ಬಾರ್ ಹಿಮ್ಮೆಟ್ಟಿ ಮೇಲಕ್ಕೆ ಎಗರಿದ್ರೆ ಕೈ ತಾಗಿ ಚೈನ್ ಅಲ್ಲೇ ನಿಲ್ಲೋದು, ಅದು 1970ರ ದಶಕದಲ್ಲಿ ಬಂದಿದ್ದು. ಬಾರಿನ ತುದಿಯ ಮೇಲಿನ ಭಾಗ ಇನ್ನೊಂದು ಕೊಂಬೆಗೆ ತಾಗಿದ್ರೆ ಸಾಕು ಎಗರೋಕೆ. 106 ಸಿಸಿ ಮಿಷನ್ ಎಗರಿದ್ರೆ ಎಂಥ ಗಟ್ಟಿ ಆಳೂ ಹಿಡಿಯೋಕಾಗಲ್ಲ ಮಾರಾಯ. ಬಾರು ಚೈನು ಬಿಟ್ಟೇ 10 ಕೆಜಿ ಮೇಲಿದೆ. ಕಪಾತಿಗೆ ಮರ ಹತ್ತೋನ ಕೈಗೆ ಇದನ್ನ ಯಾವತ್ತೂ ಕೊಡ್ಬೇಡ.

ಇನ್ನೊಂದು ವಿಷಯ, ಮಿಷನ್ನಿನ ನಡುಕ. ಹಳೇ ಮಿಷನ್‌ಗಳಲ್ಲಿ ಹ್ಯಾಂಡಲ್ ಇಂಜಿನ್‌ಗೆ ನೇರ ಬೋಲ್ಟ್ ಆಗಿರುತ್ತೆ, ಮಧ್ಯೆ ರಬ್ಬರ್ ಇಲ್ಲ. ದಿನಾ ಅದನ್ನೇ ಹಿಡಿದು ವರ್ಷಗಟ್ಟಲೆ ಕೆಲಸ ಮಾಡಿದೋರ ಬೆರಳು ಚಳಿಗೆ ಬೆಳ್ಳಗಾಗಿ ಜೋಮು ಹಿಡಿಯುತ್ತೆ. ನಮ್ಮಲ್ಲಿ ಮರ ಕೊಯ್ತಿದ್ದ ಒಬ್ರಿಗೆ ಹಾಗಾಗಿತ್ತು, ಡಿಸೆಂಬರ್ ಬೆಳಿಗ್ಗೆ ಕಾಫಿ ಲೋಟ ಹಿಡಿಯೋಕೂ ಆಗ್ತಿರ್ಲಿಲ್ಲ ಅವರಿಗೆ. ವಯಸ್ಸಾಯ್ತು ಅಂತ ಎಲ್ರೂ ಸುಮ್ಮನಿದ್ವಿ, ಡಾಕ್ಟ್ರು ನೋಡಿ ಇದು ಮಿಷನ್ ನಡುಕದಿಂದ ಬಂದಿದ್ದು ಅಂದ್ರು.

ಹಾಗಂತ ಇಡ್ಬೇಡ ಅಂತ ಹೇಳ್ತಿಲ್ಲ, ಖಂಡಿತ ಸರಿ ಮಾಡು. ನೆಲದ ಮೇಲೆ ಮಲಗಿರೋ ದಪ್ಪ ದಿಮ್ಮಿ ಅಡ್ಡ ಕೊಯ್ಯೋಕೆ, ಹಲಗೆ ಸೀಳೋ ಫ್ರೇಮಿಗೆ ಹಾಕೋಕೆ ಇಂಥ ದೊಡ್ಡ ನಿಧಾನ ಇಂಜಿನ್ ಬಹಳ ಚೆನ್ನಾಗಿರುತ್ತೆ. ಕಾಲಿಗೆ ಕಟ್ ಆಗದ ಪ್ಯಾಂಟು, ಕಿವಿಗೆ ಮಫ್, ಕಣ್ಣಿಗೆ ಜಾಲರಿ ಹಾಕ್ಕೋ. ಹಗ್ಗ ಎಳೆಯೋವಾಗ ಮಿಷನ್ ನೆಲದ ಮೇಲಿಟ್ಟು ಕಾಲಲ್ಲಿ ಒತ್ತಿ ಹಿಡಿ, ಹಗ್ಗ ಕೈಗೆ ಸುತ್ಕೋಬೇಡ, ಉಲ್ಟಾ ಹೊಡೆದ್ರೆ ಬೆರಳು ಹೋಗುತ್ತೆ. ಮತ್ತೆ ಕಾಡು ಜಾತಿ ಮರ ಆದ್ರೆ ಬಿದ್ದಿದ್ದೇ ಆಗಿರ್ಲಿ, ಕೊಯ್ಯೋ ಮೊದಲು ಫಾರೆಸ್ಟ್ ಆಫೀಸಲ್ಲಿ ಒಂದು ಮಾತು ಕೇಳು, 1976ರ ಮರ ಸಂರಕ್ಷಣೆ ಕಾಯ್ದೆ ಇದೆ, ಸುಮ್ಮನೆ ಯಾಕೆ ತಲೆನೋವು.

ಸಕಲೇಶಪುರ_ಸಿಲ್ವರ್:

ಅಕ್ಕಾ, ನೀವು ಹೇಳಿದ್ದು ಪೂರ್ತಿ ಒಪ್ತೀನಿ. ಕೆಲಸದವ್ರ ಕೈಗೆ ಕೊಡಲ್ಲ, ನಾನೇ ದಿಮ್ಮಿ ಕೊಯ್ಯೋಕೆ ಮಾತ್ರ ಇಟ್ಕೊಳ್ತೀನಿ.

ಗಾಳಿ ಟೆಸ್ಟ್ ಮಾಡಿದೆ. ನಮ್ಮೂರ ಡಾಕ್ಟ್ರ ಹತ್ರ ಹಳೇ ಬಿಪಿ ಮೀಟರ್ ಇತ್ತು, ವಿಷಯ ಹೇಳಿದ್ಮೇಲೆ ಕೊಟ್ಟು, ಅವರೂ ನೋಡೋಕೆ ಬಂದ್ರು. ಕ್ಲಚ್ ಕಡೆ ಸೀಲಿಂದ ಸಣ್ಣ ಗುಳ್ಳೆ ನಿಲ್ಲದೆ ಬರ್ತಿತ್ತು, ಬೇರೆಲ್ಲೂ ಇಲ್ಲ. ಹುಬ್ಬಳ್ಳಿ ಅಣ್ಣ ಹೇಳಿದ ಹಾಗೆ ಸೀಲ್ ಅಳತೆ ಬರ್ಕೊಂಡಿದೀನಿ, ಬೆಂಗಳೂರಿಗೆ ಹೋಗೋ ಕಸಿನ್‌ಗೆ ಹೇಳಿ ಎರಡೂ ಕಡೇದು ತರಿಸ್ತಿದೀನಿ. ಪೋರ್ಟ್‌ಲ್ಯಾಂಡ್ ಸರ್, ನಂಗೆ ಸ್ಟಾರ್ಟರ್ ಒಳಗಿನ ಸ್ಪ್ರಿಂಗ್ ಮತ್ತು ಹಿಡಿಯೋ ಕೊಕ್ಕೆ ಬೇಕು, ಪಾರ್ಟ್ಸ್ ಬುಕ್ ನೋಡಿ ನಂಬರ್ ಕಳಿಸ್ತೀನಿ.

ಕೊನೇ ಪ್ರಶ್ನೆ, ಚೈನಿಗೆ ಯಾವ ಆಯಿಲ್ ಹಾಕ್ಲಿ? ಇಲ್ಲಿ ಎಲ್ರೂ ಟ್ರಾಕ್ಟರಿಂದ ಇಳಿಸಿದ ಸುಟ್ಟ ಆಯಿಲ್ಲೇ ಹಾಕೋದು.

ಲೇತ್_ಹುಬ್ಬಳ್ಳಿ:

ಸುಟ್ಟ ಆಯಿಲ್ ಬ್ಯಾಡ್ರಿ ಅಣ್ಣಾರ. ಅದರಾಗ ಇಂಜಿನ್ ಸವೆದ ಲೋಹದ ಪುಡಿ ಇರತೈತಿ, ಆಯಿಲ್ ಪಂಪ್ ತಿಂದು ಹಾಕತೈತಿ, 070 ಪಂಪ್ ಹುಡುಕೋದು ಸಸಾರ ಅಲ್ಲ. ಮ್ಯಾಲೆ ಚೈನ್‌ನ್ಯಾಗಿನ ಆಯಿಲ್ ಪೂರಾ ನೆಲಕ್ಕ, ನಿಮ್ಮ ಕೈಗೆ, ಮಾರಿಗೆ ಸಿಡೀತೈತಿ, ಕಾಫಿ ಗಿಡದ ಬುಡಕ್ಕ ಅದನ್ನ ಯಾಕ ಹಾಕ್ತೀರಿ. ಚೈನ್ ಆಯಿಲ್ ಅಂತ ಬರತೈತಿ, ಅಂಟು ಇರತೈತಿ, ಸಿಗದಿದ್ರ ಹೊಸಾ 30 ನಂಬರ್ ಇಂಜಿನ್ ಆಯಿಲ್ ನಡೀತೈತಿ. ಅಡಿಗಿ ಎಣ್ಣಿ ಹಾಕೋರೂ ಅದಾರ, ಹಾಕಿದ್ರ ಅವತ್ತ ಓಡಿಸಿ ಅವತ್ತ ತೊಳೀಬೇಕು, ಬಿಟ್ರ ಒಣಗಿ ಅಂಟಾಗಿ ತೂತು ಕಟ್ಟತಾವ.

ಆಯಿಲ್ ಬರಾಕತ್ತೈತೋ ಇಲ್ಲೋ ನೋಡಾಕ, ಸ್ಟಾರ್ಟ್ ಮಾಡಿ ಬಾರ್ ತುದಿ ಒಂದು ಬಿಳಿ ಪೇಪರ್ ಮುಂದ, ಒಂದು ಗೇಣು ದೂರ ಹಿಡಿದು ರೇಸ್ ಮಾಡ್ರಿ, ಪೇಪರ್ ಮ್ಯಾಲೆ ಆಯಿಲ್ ಗೆರಿ ಬೀಳಬೇಕು. ಬೀಳದಿದ್ರ ಮೊದಲ ಪಂಪಿಗೆ ಕೈ ಹಾಕಬ್ಯಾಡ್ರಿ, ಬಾರ್ ಬಿಚ್ಚಿ ಅದರ ಬುಡದಾಗ ಇರೋ ಸಣ್ಣ ಆಯಿಲ್ ತೂತು ತಂತಿ ಹಾಕಿ ಬಿಡಿಸ್ರಿ, ಬಾರಿನ ಅಂಚಿನ ಸಂದಿ ಒಳಗ ಕುಂತ ಮರದ ಪುಡಿ ಹಳೇ ಬ್ಲೇಡ್‌ಲೆ ಎಳೆದು ತಗೀರಿ.